ಕೂಸಿನ ಕೈಗೆ ಮೊದಲ ತುತ್ತು

ಕಳಸದ ಸಮೀಪದಲ್ಲಿ, ಕಾಡು ಮುಚ್ಚಿದ ಬೆಟ್ಟಗಳ ನಡುವೆ ಹೊರನಾಡು ಎಂಬ ಕ್ಷೇತ್ರವಿದೆ. ಅಲ್ಲಿಯ ದೇವತೆ ಅನ್ನಪೂರ್ಣೇಶ್ವರಿ. ಬಂದವರು ಯಾರೇ ಆಗಲಿ, ಉಣ್ಣದೆ ಹಿಂದಿರುಗಬಾರದೆಂಬುದು ಅಲ್ಲಿಯ ರೂಢಿ. ಅನ್ನವನ್ನೇ ದೈವವೆಂದು ಕಂಡ ಈ ಸೀಮೆಯಲ್ಲಿ ಕೂಸಿಗೆ ಮೊತ್ತಮೊದಲು ಅನ್ನ ಉಣಿಸುವ ದಿನವೂ ಒಂದು ಹಬ್ಬವೇ ಸರಿ. ಅನ್ನಪ್ರಾಶನಕ್ಕೆ ಗೃಹ್ಯಸೂತ್ರಗಳು ಆರನೆಯ ತಿಂಗಳನ್ನು ಗೊತ್ತುಮಾಡಿದ್ದವು. ವಿಶ್ವ ಆರೋಗ್ಯ ಸಂಸ್ಥೆಯು ಬಹುಕಾಲ ‘ನಾಲ್ಕರಿಂದ ಆರು ತಿಂಗಳು’ ಎನ್ನುತ್ತಿದ್ದು, ೨೦೦೧ರಲ್ಲಿ ಆರು ತಿಂಗಳು ತುಂಬುವವರೆಗೂ ತಾಯಿಯ ಹಾಲೊಂದೇ ಸಾಕೆಂದು ತೀರ್ಮಾನಿಸಿತು. ಹಳೆಯ ಸಂಪ್ರದಾಯವೂ ಹೊಸ ವಿಜ್ಞಾನವೂ ಹೀಗೆ ಒಂದೇ ತಿಂಗಳಿನಲ್ಲಿ ಬಂದು ಕೂಡಿವೆ.

ಆದರೆ ಸಂಸ್ಕಾರ ಒಂದು ದಿನದ್ದು, ಊಟ ನಿತ್ಯದ್ದು. ಮರುದಿನದಿಂದ ಮನೆಯಲ್ಲಿ ಏಳುವ ಪ್ರಶ್ನೆಯೇ ಬೇರೆ. ಮಗುವಿಗೆ ನಾವು ಉಣಿಸಬೇಕೆ, ಅದು ತಾನಾಗಿಯೇ ಉಣ್ಣಲು ಬಿಡಬೇಕೆ? ಎಲ್ಲವನ್ನೂ ನುಣ್ಣಗೆ ಅರೆದು ಚಮಚದಿಂದ ಬಾಯಿಗಿಡುವುದು ಮೇಲೋ, ಚೆನ್ನಾಗಿ ಬೆಂದ ತುಂಡೊಂದನ್ನು ಅದರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ನೋಡುವುದು ಮೇಲೋ? ಈಚಿನ ವರ್ಷಗಳಲ್ಲಿ ಎರಡನೆಯ ಕ್ರಮವನ್ನು ಹೊಗಳುವವರು ಹೆಚ್ಚಾಗಿದ್ದಾರೆ. ಅದನ್ನು ಕಂಡು ಹೆದರುವ ಅಜ್ಜಿಯರೂ ಅಷ್ಟೇ ಮಂದಿ ಇದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಬೆಟ್ಟಗಳ ಅಡಿಗೆಮನೆಯನ್ನೂ ದುಡಿಮೆಯನ್ನೂ ಕಣ್ಣ ಮುಂದೆ ಇರಿಸಿಕೊಂಡು ಈ ವಿಚಾರವನ್ನು ಪರಿಶೀಲಿಸೋಣ.

ಹುಟ್ಟುವಾಗಲೇ ತಂದ ಬುತ್ತಿ

ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡ; ನೀರು ಕೂಡ ಬೇಡ. ಆದರೆ ಈ ಅಮೃತದಲ್ಲಿಯೂ ಒಂದು ಕೊರತೆಯುಂಟು. ಒಂದು ಲೀಟರು ತಾಯಿಹಾಲಿನಲ್ಲಿರುವ ಕಬ್ಬಿಣ ಅರ್ಧ ಮಿಲಿಗ್ರಾಮಿಗಿಂತಲೂ ಕಡಮೆ. ಹಾಗಿದ್ದೂ ಮಗು ರಕ್ತಹೀನವಾಗದಿರಲು ಕಾರಣವೇನು? ಗರ್ಭವಾಸದ ಕೊನೆಯ ಮೂರು ತಿಂಗಳಲ್ಲಿ ಅದು ತಾಯಿಯ ರಕ್ತದಿಂದ ಕಬ್ಬಿಣವನ್ನು ಪಡೆದು ತನ್ನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಬುತ್ತಿ ಕಟ್ಟಿಕೊಂಡೇ ಹುಟ್ಟುತ್ತದೆ ಎನ್ನಬಹುದು. ಈ ಬುತ್ತಿ ಸುಮಾರು ಆರು ತಿಂಗಳಿಗೆ ಮುಗಿಯುತ್ತ ಬರುತ್ತದೆ. ತಾಯಿಗೇ ರಕ್ತ ಕಡಮೆಯಿದ್ದರೆ, ಇಲ್ಲವೆ ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಇನ್ನೂ ಬೇಗನೆ ಬರಿದಾಗುತ್ತದೆ.

ಇದೇ ಹೊತ್ತಿಗೆ ಮಗುವಿನ ಬೆಳವಣಿಗೆಗೆ ಬೇಕಾದ ಶಕ್ತಿಯೂ ಹಾಲಿನಿಂದ ಮಾತ್ರ ಪೂರೈಸದಾಗುತ್ತದೆ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಸುಮಾರು ೨೦೦ ಕ್ಯಾಲೊರಿ, ಒಂಬತ್ತರಿಂದ ಹನ್ನೊಂದರವರೆಗೆ ೩೦೦, ಎರಡನೆಯ ವರ್ಷದಲ್ಲಿ ೫೫೦ ಕ್ಯಾಲೊರಿಗಳಷ್ಟು ಶಕ್ತಿ ಊಟದಿಂದ ಬರಬೇಕೆಂದು ಲೆಕ್ಕ ಹಾಕಲಾಗಿದೆ. ಮೊದಲಲ್ಲಿ ಹಾಲೇ ಊಟ, ಅನ್ನ ಅದರ ಜೊತೆಗೆ. ಬರಬರುತ್ತ ಅನ್ನವೇ ಊಟ, ಹಾಲು ಅದರ ಜೊತೆಗೆ. ಎರಡು ವರ್ಷ, ಅಥವಾ ಅದಕ್ಕೂ ಮೀರಿ, ಎದೆಹಾಲು ಮುಂದುವರಿಯಬೇಕು.

ಈ ಸಂಧಿಕಾಲದಲ್ಲಿ ನಮ್ಮ ಮಕ್ಕಳು ಎಡವುತ್ತಿದ್ದಾರೆ. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿತು. ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ತಕ್ಕಷ್ಟು ಆಹಾರ ಪಡೆಯುತ್ತಿದ್ದವರು ನೂರಕ್ಕೆ ಸುಮಾರು ೧೧ ಮಂದಿ ಮಾತ್ರ. ಮಿದುಳು ಭರದಿಂದ ಬೆಳೆಯುವ ಕಾಲ ಇದು. ಕಬ್ಬಿಣದ ಕೊರತೆ ರಕ್ತವನ್ನಷ್ಟೇ ಅಲ್ಲ, ಮಿದುಳನ್ನೂ ಬಾಧಿಸುತ್ತದೆ. ಆದುದರಿಂದ ‘ಹೇಗೆ ಉಣಿಸಬೇಕು’ ಎಂಬ ಪ್ರಶ್ನೆ ‘ಏನನ್ನು ಉಣಿಸಬೇಕು’ ಎಂಬುದರಿಂದ ಎಂದೂ ಬೇರೆಯಾಗದು.

ಕೈ, ನಾಲಿಗೆ, ಗಂಟಲು

ಎಳೆಗೂಸಿನ ನಾಲಿಗೆಗೆ ಗಟ್ಟಿ ಪದಾರ್ಥ ತಾಗಿದರೆ ಅದು ಒಡನೆಯೇ ಹೊರಕ್ಕೆ ನೂಕುತ್ತದೆ. ಇದು ಹಟವಲ್ಲ, ಹುಟ್ಟಿನಿಂದ ಬಂದ ರಕ್ಷಣೆ. ನಾಲ್ಕರಿಂದ ಆರು ತಿಂಗಳ ನಡುವೆ ಈ ಪ್ರತಿವರ್ತನೆ ಕ್ರಮವಾಗಿ ಮಾಯವಾಗುತ್ತದೆ. ಸುಮಾರಾಗಿ ಅದೇ ಕಾಲಕ್ಕೆ ಮಗು ಕತ್ತನ್ನು ನೆಟ್ಟಗೆ ಹಿಡಿಯುತ್ತದೆ, ತುಸು ಆಸರೆಯಿದ್ದರೆ ಕುಳಿತುಕೊಳ್ಳುತ್ತದೆ, ಕಂಡದ್ದನ್ನು ಹಿಡಿದು ಬಾಯಿಗೆ ಒಯ್ಯುತ್ತದೆ. ಈ ಮೂರೂ ಕೂಡಿದಾಗ ಅದು ತಾನೇ ಉಣ್ಣಲು ಸಿದ್ಧವಾಗಿದೆ ಎಂದರ್ಥ. ದಿನ ತುಂಬುವ ಮೊದಲು ಹುಟ್ಟಿದ ಮಗುವಿನ ವಿಷಯದಲ್ಲಿ ತಿಂಗಳ ಲೆಕ್ಕವನ್ನು ವೈದ್ಯರೊಡನೆ ವಿಚಾರಿಸಿ ನಿಶ್ಚಯಿಸಬೇಕು.

ಆರು ತಿಂಗಳ ಕೂಸು ಹಿಡಿಯುವುದು ಇಡೀ ಅಂಗೈಯಿಂದ. ಮುಷ್ಟಿಯೊಳಗೆ ಅಡಗಿಹೋದ ತುಂಡನ್ನು ಅದು ತಿನ್ನಲಾರದು, ಬೆರಳು ಬಿಚ್ಚಿ ತೆಗೆಯಲಾರದು. ಆದುದರಿಂದ ತುಂಡು ದೊಡ್ಡವರ ಬೆರಳಿನಷ್ಟು ಉದ್ದವಿದ್ದು ಮುಷ್ಟಿಯಿಂದ ಹೊರಕ್ಕೆ ಚಾಚಿಕೊಂಡಿರಬೇಕು. ಒಂಬತ್ತನೆಯ ತಿಂಗಳ ಸುಮಾರಿಗೆ ಹೆಬ್ಬೆರಳೂ ತೋರುಬೆರಳೂ ಕೂಡಿ ಚಿವುಟುವ ವಿದ್ಯೆ ಬರುತ್ತದೆ. ಆಗ ಚಾಪೆಯ ಮೇಲೆ ಬಿದ್ದ ಒಂದೊಂದೇ ಅನ್ನದ ಅಗುಳನ್ನು ಹೆಕ್ಕಿ ಬಾಯಿಗಿಡುವ ಅದರ ಏಕಾಗ್ರತೆಯನ್ನು ಕಂಡವರೇ ಬಲ್ಲರು.

ತಾನೇ ಉಣ್ಣುವ ಕೂಸು ಮೊದಲ ವಾರಗಳಲ್ಲಿ ಆಗಾಗ ಓಕರಿಸುತ್ತದೆ. ತಾಯಂದಿರು ಹೆದರುವುದು ಇಲ್ಲಿಯೇ. ದೊಡ್ಡವರಿಗೆ ಓಕರಿಕೆ ಹುಟ್ಟುವುದು ನಾಲಿಗೆಯ ಬುಡಕ್ಕೆ ಏನಾದರೂ ತಾಗಿದಾಗ. ಎಳೆಯ ಮಗುವಿನಲ್ಲಿ ಆ ತಾಣ ಬಹಳ ಮುಂದಕ್ಕಿದೆ. ವಯಸ್ಸಾದಂತೆ ಹಿಂದೆ ಸರಿಯುತ್ತದೆ. ಹೀಗಾಗಿ ತುತ್ತು ಗಂಟಲನ್ನು ಮುಟ್ಟುವ ಮೊದಲೇ ಅದು ಹೊರಬೀಳುತ್ತದೆ. ಓಕರಿಸುವ ಮಗುವಿನ ಮುಖ ಕೆಂಪಾಗುತ್ತದೆ, ಕೆಮ್ಮು ಕೇಳಿಸುತ್ತದೆ, ಮರುಗಳಿಗೆಯೇ ಅದು ಇನ್ನೊಂದು ತುಂಡಿಗೆ ಕೈ ಚಾಚುತ್ತದೆ. ಉಸಿರು ಕಟ್ಟಿದ ಮಗುವಾದರೋ ಸದ್ದಿಲ್ಲದೆ ಒದ್ದಾಡುತ್ತದೆ. ಅಳಲಾರದು, ಕೆಮ್ಮಲಾರದು, ತುಟಿ ನೀಲಿಗಟ್ಟುತ್ತದೆ. ಮೊದಲನೆಯದು ಕಲಿಕೆ, ಎರಡನೆಯದು ಆಪತ್ತು. ಇವೆರಡರ ಭೇದವನ್ನು ಮನೆಯಲ್ಲಿ ಎಲ್ಲರೂ ತಿಳಿದಿರಬೇಕು.

ಅಗಿಯುವುದನ್ನು ಕಲಿಯಲು ಒಂದು ಕಾಲವುಂಟು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಸಾವಿರಾರು ಮಕ್ಕಳನ್ನು ಬೆನ್ನಟ್ಟಿ ನೋಡಿದ ಅಧ್ಯಯನದಲ್ಲಿ, ಹತ್ತು ತಿಂಗಳಾದರೂ ಕರಣೆ ಕರಣೆಯಾದ ಆಹಾರವನ್ನು ಕಾಣದ ಮಕ್ಕಳು ಮುಂದೆ ಊಟದಲ್ಲಿ ಹೆಚ್ಚು ತಕರಾರು ಮಾಡುವುದು ಕಂಡುಬಂದಿತು. ವರ್ಷ ತುಂಬಿದರೂ ಎಲ್ಲವನ್ನೂ ಅರೆದೇ ಉಣಿಸುವುದು ಪ್ರೀತಿಯ ಲಕ್ಷಣವಿರಬಹುದು, ಹಿತವಲ್ಲ.

ಪ್ರಯೋಗಗಳು ಹೇಳುವುದೇನು?

ಕೂಸಿನ ಕೈಗೆ ಊಟವನ್ನು ಒಪ್ಪಿಸಿ ನೋಡಿದವರಲ್ಲಿ ಮೊದಲಿಗರು ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್. ಆಗತಾನೇ ಮೊಲೆಬಿಟ್ಟ ಮಕ್ಕಳ ಮುಂದೆ ಅವರು ಧಾನ್ಯ, ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮಾಂಸಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಇರಿಸಿದರು. ದಾದಿಯರು ಯಾವುದನ್ನೂ ಸೂಚಿಸಬಾರದು. ಮಗು ಕೈ ತೋರಿದ್ದನ್ನು ಮಾತ್ರ ಕೊಡಬೇಕು. ೧೯೨೮ರಲ್ಲಿ ಮೊದಲ ವರದಿ ಬಂದಿತು. ೧೯೩೯ರ ಹೊತ್ತಿಗೆ ಹದಿನೈದು ಮಕ್ಕಳ ವೃತ್ತಾಂತ ಸಿದ್ಧವಾಯಿತು. ಒಂದೊಂದು ಮಗುವಿನ ಆಯ್ಕೆ ಒಂದೊಂದು ಬಗೆ. ಆದರೂ ಎಲ್ಲವೂ ಪುಷ್ಟಿಯಾಗಿ ಬೆಳೆದವು. ಮೂಳೆ ಮೆತ್ತಗಾಗುವ ರೋಗವಿದ್ದ ಒಂದು ಮಗುವಿನ ಮುಂದೆ ಮೀನೆಣ್ಣೆಯ ಬಟ್ಟಲನ್ನೂ ಇಟ್ಟಿದ್ದರು. ರೋಗ ವಾಸಿಯಾಗುವವರೆಗೆ ಅದು ಆ ಎಣ್ಣೆಯನ್ನು ಕುಡಿದು ಆಮೇಲೆ ಬಿಟ್ಟಿತು. ಇದನ್ನು ಓದಿ ‘ಮಗುವಿಗೆ ಎಲ್ಲವೂ ಗೊತ್ತು’ ಎನ್ನುವವರಿಗೆ ಡೇವಿಸ್ ಅವರೇ ಎಚ್ಚರಿಕೆ ಕೊಟ್ಟಿದ್ದಾರೆ. ಗುಟ್ಟು ಇದ್ದುದು ಬಟ್ಟಲುಗಳ ಪಟ್ಟಿಯಲ್ಲಿ. ಅಲ್ಲಿದ್ದ ೩೪ ಪದಾರ್ಥಗಳಲ್ಲಿ ಸಕ್ಕರೆಯಾಗಲಿ ಅಂಗಡಿಯ ತಿಂಡಿಯಾಗಲಿ ಇರಲಿಲ್ಲ. ಏನು ಇಡಬೇಕೆಂಬುದು ಹಿರಿಯರ ಹೊಣೆ, ಎಷ್ಟು ತಿನ್ನಬೇಕೆಂಬುದು ಮಗುವಿನ ಹಕ್ಕು.

ಈ ಕಾಲದಲ್ಲಿ ಅದನ್ನು ಮತ್ತೆ ಎತ್ತಿ ಹಿಡಿದವರು ಇಂಗ್ಲೆಂಡಿನ ಆರೋಗ್ಯ ಕಾರ್ಯಕರ್ತೆ ಗಿಲ್ ರ‍್ಯಾಪ್ಲಿ; ಅವರ ಪುಸ್ತಕ ೨೦೦೮ರಲ್ಲಿ ಪ್ರಕಟವಾಯಿತು. ವಾದವನ್ನು ಒರೆಗೆ ಹಚ್ಚಿದವರು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು. ಅವರು ೨೦೬ ಮಂದಿ ತಾಯಂದಿರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪು ವಾಡಿಕೆಯಂತೆ ನಡೆಯಿತು. ಇನ್ನೊಂದು ಗುಂಪಿನವರು ಮಗುವಿನ ಕೈಗೇ ಆಹಾರ ಕೊಟ್ಟರು. ಆದರೆ ಪ್ರತಿ ಊಟದಲ್ಲಿ ಕಬ್ಬಿಣವಿರುವ ಒಂದು ಪದಾರ್ಥ, ಶಕ್ತಿ ಹೆಚ್ಚಿರುವ ಒಂದು ಪದಾರ್ಥ ಇರಬೇಕೆಂದೂ, ಗಂಟಲಿಗೆ ಸಿಕ್ಕುವಂಥವು ಬೇಡವೆಂದೂ ಅವರಿಗೆ ತಿಳಿಹೇಳಲಾಗಿತ್ತು. ೨೦೧೬ರಿಂದ ಫಲಿತಾಂಶಗಳು ಬಂದವು. ಉಸಿರು ಸಿಕ್ಕಿಕೊಂಡ ಪ್ರಸಂಗಗಳಲ್ಲಿ ಎರಡು ಗುಂಪುಗಳ ನಡುವೆ ಅಂತರವಿರಲಿಲ್ಲ. ತಾನೇ ಉಣ್ಣುವ ಮಕ್ಕಳು ಆರನೆಯ ತಿಂಗಳಲ್ಲಿ ಹೆಚ್ಚು ಓಕರಿಸಿದರೂ ಎಂಟನೆಯ ತಿಂಗಳಿಗೆ ಇತರರಿಗಿಂತ ಕಡಮೆ ಓಕರಿಸಿದವು. ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ರಕ್ತದ ಕಬ್ಬಿಣದಲ್ಲಿಯೂ ಇಲ್ಲ. ಊಟದ ಬಗ್ಗೆ ತಕರಾರು ಮಾತ್ರ ತುಸು ಕಡಮೆ. ಎರಡೂ ಗುಂಪುಗಳಲ್ಲಿ ಅಪಾಯಕರ ತಿಂಡಿಗಳು ಮಕ್ಕಳ ಕೈಗೆ ಧಾರಾಳವಾಗಿ ಸಿಗುತ್ತಿದ್ದುದು ಕೂಡ ಗೊತ್ತಾಯಿತು.

ಅಂದರೆ ಈ ಕ್ರಮ ಪವಾಡವೂ ಅಲ್ಲ, ಅಪಾಯವೂ ಅಲ್ಲ. ತಿಳಿವಳಿಕೆಯೊಡನೆ ಮಾಡಿದರೆ ಒಳ್ಳೆಯದು. ಅದಲ್ಲದೆ ಆ ತಾಯಂದಿರಿಗೆ ಸಿಕ್ಕಿದ ಮಾಂಸ, ವಿರಾಮ, ಸಲಹೆಗಳು ನಮ್ಮಲ್ಲಿ ಎಲ್ಲರಿಗೂ ದೊರೆಯುವುದಿಲ್ಲವೆಂಬುದನ್ನು ಮರೆಯಬಾರದು.

ಮಲೆನಾಡಿನ ಅಡಿಗೆಮನೆಯಲ್ಲಿ

ಕೈಯಿಂದ ಉಣ್ಣುವ ಜನ ನಾವು. ಕೂಸು ಕೈಯಿಂದ ಉಂಡರೆ ನಮಗೆ ಸೋಜಿಗವಿಲ್ಲ. ನಮ್ಮ ಅಡಿಗೆಯೂ ಇದಕ್ಕೆ ಒದಗಿಬರುತ್ತದೆ. ಹಬೆಯಲ್ಲಿ ಬೆಂದ ಇಡ್ಲಿಯನ್ನು ಉದ್ದಕ್ಕೆ ಹೋಳುಮಾಡಿದರೆ ಎಳೆಗೈಗೆ ಅದಕ್ಕಿಂತ ತಕ್ಕ ತಿಂಡಿಯಿಲ್ಲ. ಬೆಂದ ಸಿಹಿಕುಂಬಳ, ಗೆಣಸು, ಅರ್ಧ ಸಿಪ್ಪೆ ಸುಲಿದ ಬಾಳೆಹಣ್ಣು, ಕಾಫಿ ತೋಟಗಳಲ್ಲಿಯೇ ಬೆಳೆಯುವ ಬೆಣ್ಣೆಹಣ್ಣು, ಪೂರ್ತಿ ಬೆಂದ ಮೊಟ್ಟೆಯ ಉದ್ದನೆಯ ಸೀಳು ಇವೆಲ್ಲ ಮೊದಲ ತಿಂಗಳಿಗೇ ಆಗುತ್ತವೆ. ಪರೀಕ್ಷೆ ಸುಲಭ: ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲನೆ ಒತ್ತಿದರೆ ನುಜ್ಜಾಗಬೇಕು. ಹಲ್ಲಿಲ್ಲದ ವಸಡು ಮಾಡಬಲ್ಲುದು ಅಷ್ಟೇ. ಕಡುಬು ಗಟ್ಟಿಯಾಗಿ ಅಂಟುವುದರಿಂದ ಅದನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಹಿಸುಕಿ ಕೊಡುವುದು ಲೇಸು. ಅಕ್ಕಿರೊಟ್ಟಿ ಒಂಬತ್ತು ತಿಂಗಳ ಮೇಲೆ, ಬಿಸಿಯಾಗಿ ಮೆತ್ತಗಿರುವಾಗಲೇ ಆಗಬೇಕು. ಭದ್ರಾ, ಹೇಮಾವತಿಗಳ ಹೊಳೆಮೀನನ್ನು ಕೊಡುವವರು ಮುಳ್ಳನ್ನು ಬೆರಳಿನಿಂದಲೇ ಹುಡುಕಿ ತೆಗೆಯಬೇಕು.

ಆದರೆ ಕೈಗೆ ಸಿಗುವ ಹಣ್ಣು ತರಕಾರಿಗಳಲ್ಲಿ ಕಬ್ಬಿಣ ಕಡಮೆ, ಶಕ್ತಿಯೂ ಕಡಮೆ. ಕಬ್ಬಿಣವಿರುವ ರಾಗಿ, ಹೆಸರು, ಹುರುಳಿ, ಸೊಪ್ಪುಗಳು ಮುಷ್ಟಿಯಲ್ಲಿ ನಿಲ್ಲುವಂಥವಲ್ಲ. ಕೇವಲ ಮಗುವಿನ ಕೈಯನ್ನೇ ನೆಚ್ಚಿದರೆ ಇದೇ ತೊಡಕು. ಪರಿಹಾರ ನಮ್ಮ ಮನೆಯಲ್ಲಿಯೇ ಇದೆ: ಒಂದಷ್ಟು ತಾಯಿಯ ಕೈತುತ್ತು, ಒಂದಷ್ಟು ಕೂಸಿನ ಸ್ವಂತ ಕೈ. ಬಟ್ಟಲಲ್ಲಿ ರಾಗಿ ಸರಿ ಇರಲಿ, ಕೈಯಲ್ಲಿ ಕುಂಬಳದ ಹೋಳಿರಲಿ. ರಾಗಿ ದೋಸೆಯ ಮೆತ್ತನೆಯ ಪಟ್ಟಿಯಾದರೆ ಎರಡೂ ಒಂದರಲ್ಲೇ ಕೂಡುತ್ತವೆ.

ರಾಗಿಯ ವಿಷಯದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಕೆಲಸವನ್ನು ನೆನೆಯಬೇಕು. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣಾಂಶವೂ ನಾಲ್ಕು ಮಿಲಿಗ್ರಾಮಿಗೆ ಮೇಲ್ಪಟ್ಟು ಕಬ್ಬಿಣವೂ ಉಂಟು. ಆದರೆ ಹಿಟ್ಟನ್ನು ಕಾಯಿಸಿದರೆ ಪಿಷ್ಟ ಉಬ್ಬಿ ಗಂಜಿ ಮಂದವಾಗುತ್ತದೆ. ಮಗು ನುಂಗುವಷ್ಟು ತೆಳುಮಾಡಲು ನೀರು ಸುರಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ರಾಗಿಯನ್ನು ಮೊಳಕೆ ಬರಿಸಿದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಅದರ ಹಿಟ್ಟಿನ ಗಂಜಿ ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತದೆ. ಈ ತತ್ತ್ವದ ಮೇಲೆ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವೊಂದನ್ನು ಮಲ್ಲೇಶಿ ಹಾಗೂ ದೇಶಿಕಾಚಾರ್ ಎಂಬ ವಿಜ್ಞಾನಿಗಳು ೧೯೮೨ರಲ್ಲಿ ವಿವರಿಸಿದರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುವ ನಮ್ಮ ಅಜ್ಜಿಯರ ಪದ್ಧತಿಗೆ ಇದು ವಿಜ್ಞಾನದ ಸಮರ್ಥನೆ. ಜೊತೆಗೆ ನಾಲ್ಕು ಹನಿ ನಿಂಬೆರಸವನ್ನೋ ಎರಡು ಚಮಚ ಕಿತ್ತಳೆರಸವನ್ನೋ ಕೊಟ್ಟರೆ ಧಾನ್ಯದ ಕಬ್ಬಿಣ ಮೈಗೆ ಹೆಚ್ಚಾಗಿ ಹತ್ತುತ್ತದೆ.

ಮನೆಮಂದಿಯ ಅಡಿಗೆಯಿಂದಲೇ ಉಪ್ಪು, ಖಾರ ಹಾಕುವ ಮೊದಲು ಕೂಸಿನ ಪಾಲನ್ನು ತೆಗೆದಿಟ್ಟರೆ ಬೇರೆ ಒಲೆ ಬೇಕಿಲ್ಲ. ಮೊದಲ ವರ್ಷದಲ್ಲಿ ಸಕ್ಕರೆಯೂ ಬೇಡ.

ಕಾಫಿ, ಜೇನು, ಹಸುವಿನ ಹಾಲು

ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಮೂರು ವಸ್ತುಗಳು ಕೂಸಿನ ಬಟ್ಟಲಿನಿಂದ ದೂರವಿರಬೇಕು. ಮೊದಲನೆಯದು ಕಾಫಿ. ಬಿಸ್ಕತ್ತನ್ನೋ ಬನ್ನನ್ನೋ ಕಾಫಿಯಲ್ಲಿ ಅದ್ದಿ ಮಗುವಿನ ಬಾಯಿಗಿಡುವುದು ಮುದ್ದಿನ ಅಭ್ಯಾಸ. ದೊಡ್ಡವರ ಮೇಲೆ ೧೯೮೩ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಊಟದೊಡನೆ ಕುಡಿದ ಒಂದು ಬಟ್ಟಲು ಕಾಫಿ ಆ ಊಟದಿಂದ ದೇಹ ಹೀರುವ ಕಬ್ಬಿಣವನ್ನು ನೂರಕ್ಕೆ ೩೯ರಷ್ಟು ತಗ್ಗಿಸಿತು, ಚಹಾ ೬೪ರಷ್ಟು. ಬುತ್ತಿ ತೀರಿದ ಕೂಸಿಗೆ ಈ ನಷ್ಟ ಸಣ್ಣದಲ್ಲ.

ಎರಡನೆಯದು ಜೇನು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಜೇನಿನಲ್ಲಿರುವುದುಂಟು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಕೆಡಿಸುವ ವಿಷವನ್ನು ಹುಟ್ಟಿಸಬಲ್ಲವು. ಈ ಶಿಶುರೋಗವನ್ನು ಗುರುತಿಸಿದ್ದು ೧೯೭೬ರಲ್ಲಿ. ತೋಟದ ಜೇನು ಎಷ್ಟೇ ಶುದ್ಧವಾಗಿರಲಿ, ವರ್ಷ ತುಂಬುವವರೆಗೆ ನಾಲಿಗೆಗೆ ಸವರುವುದೂ ಬೇಡ.

ಮೂರನೆಯದು ಹಸುವಿನ ಹಾಲು. ಅದರಲ್ಲಿ ಕಬ್ಬಿಣ ಅತ್ಯಲ್ಪ. ಎಳೆಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುವಂತೆ ಅದು ಮಾಡುವುದೂ ಉಂಟು. ಅಡಿಗೆಯಲ್ಲಿ ಒಂದಿಷ್ಟು ಬೆರೆಸಿದರೆ, ಮೊಸರು ಮಾಡಿ ಕೊಟ್ಟರೆ ಬಾಧಕವಿಲ್ಲ. ತಾಯಿಯ ಹಾಲಿಗೆ ಬದಲಾಗಿ ವರ್ಷದೊಳಗೆ ಕುಡಿಸುವುದು ಸಲ್ಲದು.

ಉಸಿರಿನ ಎಚ್ಚರ

ಮಗು ನೆಟ್ಟಗೆ ಕುಳಿತೇ ಉಣ್ಣಬೇಕು. ತೊಡೆಯ ಮೇಲಾಗಲಿ, ಗೋಡೆಗೆ ಒರಗಿಯಾಗಲಿ. ಜೋಲಿಯಲ್ಲಿ ಮಲಗಿಸಿ ಏನನ್ನೂ ಕೈಗೆ ಕೊಡಬಾರದು. ಕಾಲಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಸುರಿಯುವ ಹಳೆಯ ಅಭ್ಯಾಸ ಇದಕ್ಕಿಂತಲೂ ಅಪಾಯಕರ. ಅಳುವ ಮಗು ಉಸಿರೆಳೆದಾಗ ಗಂಜಿ ಶ್ವಾಸಕೋಶಕ್ಕೇ ಹೋಗಬಲ್ಲುದು. ನೆಲಗಡಲೆ, ಗೇರುಬೀಜ, ಹಲಸಿನ ತೊಳೆ, ಹಲಸಿನ ಬೀಜ, ಕೊಬ್ಬರಿ ಚೂರು, ಇಡಿಯ ದ್ರಾಕ್ಷಿ, ಹಸಿ ಗಜ್ಜರಿ ಇವು ನಿಷಿದ್ಧ. ಸುಗ್ಗಿಯ ದಿನಗಳಲ್ಲಿ ಕಣವೂ ಅಷ್ಟೇ. ಒಣಗಲು ಹರಡಿದ ಕಾಫಿಬೀಜ, ಕರಿಮೆಣಸು, ಅಡಿಕೆಗಳ ನಡುವೆ ಅಂಬೆಗಾಲಿಡುವ ಕೂಸಿನ ಕೈಗೆ ಬಟ್ಟಲು ಯಾವುದು, ಕಣ ಯಾವುದು ಎಂಬ ಭೇದವಿಲ್ಲ.

ಉಸಿರು ಕಟ್ಟಿದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು. ತುಂಡು ಇನ್ನೂ ಒಳಕ್ಕೆ ಸರಿದೀತು. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಏಟು ಕೊಡಬೇಕು. ತುಂಡು ಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಐದು ಬಾರಿ ಒತ್ತಬೇಕು. ತುಂಡು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡಬೇಕು, ಹೊಟ್ಟೆಯನ್ನು ಅಮುಕಬಾರದು. ಜೊತೆಯಲ್ಲಿದ್ದವರು ಕೂಡಲೇ ೧೦೮ಕ್ಕೆ ಕರೆಮಾಡಬೇಕು. ಆಸ್ಪತ್ರೆ ದೂರವಿರುವ ಬೆಟ್ಟದ ಊರುಗಳಲ್ಲಿ ಈ ವಿದ್ಯೆಯನ್ನು ಆರೋಗ್ಯ ಕಾರ್ಯಕರ್ತೆಯರಿಂದ ಮೊದಲೇ ಕಲಿತಿರುವುದು ಬಹು ಅವಶ್ಯ.

ತೋಟದ ತಾಯಿಗೆ ಹೊತ್ತೆಲ್ಲಿ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ತಾನೇ ಉಣ್ಣುವ ಕೂಸಿಗೆ ಬೇಕಾದುದು ಬೆಲೆಬಾಳುವ ಪದಾರ್ಥವಲ್ಲ. ಪಕ್ಕದಲ್ಲಿ ಕುಳಿತು ನೋಡುವ ಒಬ್ಬ ಹಿರಿಯರು, ಅರ್ಧ ಗಂಟೆಯ ತಾಳ್ಮೆ. ಅರೇಬಿಕಾ ಕೊಯ್ಲು ನವೆಂಬರಿನ ಸುಮಾರಿಗೆ ಮೊದಲಾದರೆ ರೋಬಸ್ಟಾ ಕೊಯ್ಲು ಮಾರ್ಚಿಯ ತನಕ ಎಳೆಯುತ್ತದೆ. ಆ ತಿಂಗಳುಗಳಲ್ಲಿ ಲೈನ್ ಮನೆಯ ತಾಯಿ ಬೆಳಿಗ್ಗೆ ಹೊರಟರೆ ಮರಳುವುದು ಸಂಜೆಗೆ. ೧೯೫೧ರ ತೋಟ ಕಾರ್ಮಿಕರ ಕಾಯಿದೆ ಐವತ್ತು ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತು. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅಂಥಲ್ಲಿ ಅಷ್ಟು ಮಂದಿ ಒಟ್ಟಿಗೆ ದುಡಿಯುವುದು ಅಪರೂಪ. ಕೂಸು ಅಜ್ಜಿಯ ಬಳಿಯೋ, ಆರೇಳು ವರ್ಷದ ಅಕ್ಕನ ಬಳಿಯೋ ಉಳಿಯುತ್ತದೆ.

ಇಂಥ ಮನೆಗಳಿಗೆ ನಾವು ಹೇಳುವುದಿಷ್ಟು. ಹಗಲಿನಲ್ಲಿ ಅಜ್ಜಿ ಗಟ್ಟಿಯಾದ ಮೊಳಕೆ ರಾಗಿ ಸರಿಯನ್ನು, ಹಿಸುಕಿದ ಅನ್ನ ಬೇಳೆಯನ್ನು ಉಣಿಸಲಿ; ಅದು ಒಂದಿಷ್ಟೂ ಕೀಳಲ್ಲ. ಮಗು ಮುಖ ತಿರುಗಿಸಿದಾಗ ನಿಲ್ಲಿಸಲಿ, ಬಲವಂತ ಬೇಡ. ತುಂಡುಗಳನ್ನು ಕೈಗೆ ಕೊಡುವುದು ತಾಯಿ ಬಂದ ಮೇಲೆ, ಸಂಜೆಯ ಒಂದು ಊಟಕ್ಕೆ ಸಾಕು. ಚಿಕ್ಕ ಅಕ್ಕನ ಮೇಲೆ ಆ ಹೊಣೆ ಹೊರಿಸಬಾರದು. ಚೆಲ್ಲಿದ ಅನ್ನಕ್ಕೆ ಮನಸ್ಸು ನೋಯುವ ಮನೆಯಲ್ಲಿ ಒಮ್ಮೆಗೆ ಎರಡೇ ತುಂಡು ಇಡಲಿ, ಕೆಳಗೆ ತೊಳೆದ ಚಾಪೆ ಹಾಸಲಿ. ತೋಟಕ್ಕೆ ಮೈಲುತುತ್ತಿನ ದ್ರಾವಣ ಸಿಂಪಡಿಸಿ ಬಂದವರು ಸಾಬೂನಿನಿಂದ ಕೈ ತೊಳೆದೇ ಕೂಸನ್ನು ಮುಟ್ಟಲಿ. ಕೂಸಿನ ಕೈಯನ್ನೂ ಊಟಕ್ಕೆ ಮೊದಲು ತೊಳೆಯಲಿ. ಆರು ತಿಂಗಳಾದ ಮಗುವಿಗೆ ಅಂಗನವಾಡಿಯಿಂದ ಸಲ್ಲುವ ಆಹಾರವನ್ನು ತಪ್ಪದೆ ಪಡೆಯಲಿ. ಆ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಮೊದಲ ೩೩ ಕೇಂದ್ರಗಳಲ್ಲಿ ಒಂದಾಗಿತ್ತು. ಚಿಕ್ಕ ಚಿಕ್ಕ ತೋಟಗಳ ಯಜಮಾನರು ನಾಲ್ಕಾರು ಮಂದಿ ಕೂಡಿ, ಕೊಯ್ಲಿನ ತಿಂಗಳು ಒಂದು ಕೋಣೆಯನ್ನೂ ಅನುಭವವಿರುವ ಒಬ್ಬ ಹೆಂಗಸನ್ನೂ ಮಕ್ಕಳಿಗಾಗಿ ಮೀಸಲಿಟ್ಟರೆ, ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತೇವೆ. ಬಲ್ಲವನಾಗುವ ಪಾಠ ಮೊದಲಾಗುವುದು ಆರನೆಯ ತಿಂಗಳಿನಲ್ಲಿ, ಮುಷ್ಟಿಯಲ್ಲಿ ಹಿಡಿದ ಒಂದು ಕುಂಬಳದ ಹೋಳಿನಿಂದ. ಬಟ್ಟಲಿನಲ್ಲಿ ಏನಿರಬೇಕೆಂಬುದನ್ನು ನಾವು ಅರಿತು ಇಟ್ಟರೆ, ಉಳಿದುದನ್ನು ಕೂಸು ತನ್ನ ಕೈಯಿಂದಲೇ ಕಲಿಯುತ್ತದೆ.